ಬರಿದಲೆಯ ಅರ್ಥ ತಿಳಿಯದವರನ್ನು ನ್ಯಾಯಪೀಠಕ್ಕೆ ಆರಿಸಿದವರಿಗೆ

ಕೋರ್ಟಿನ ಬೇವಿನ ನೆರಳಲ್ಲಿ ನೆರೆದ ಮಹಾಜನಗಳೇ! ಹೊಸ ತಾರೀಖು ಪಡೆದು ಹಳೆಯ ಬುತ್ತಿ ಬಿಚ್ಚಿ ಕುಳಿತ ವಾದಿಗಳೇ, ಪ್ರತಿವಾದಿಗಳೇ, ಎರಡೂ ಕಡೆಯವರ ಚಹಾ ಕುಡಿದು ಒಂದೇ ಕಡೆಗೆ ಸಾಕ್ಷಿ ನುಡಿಯುವ ಧರ್ಮಾತ್ಮರೇ! ತಾವೆಲ್ಲ ಶಾಂತಚಿತ್ತರಾಗಿ ಆಲಿಸಬೇಕು. ಏಕೆಂದರೆ ಈ ಪತ್ರವನ್ನು ಯಾರಿಗೆ ಬರೆದಿದ್ದೇನೆಯೋ ಅವರಿಗೆ ಇದನ್ನು ಓದಲು ಬಾರದು.

ಮುನಸೀಫರನ್ನು ಆರಿಸಿ ನೇಮಿಸುವ ಮಾನ್ಯರೇ, ದೂರನ್ನು ಮೊದಲೇ ಹೇಳಿಬಿಡುತ್ತೇನೆ. ಗಡಿಯ ನಮ್ಮ ತಾಲೂಕುಗಳಿಗೆ ನೀವು ಕಳಿಸುವ ನ್ಯಾಯಾಧೀಶರು ಕಾಯಿದೆಯನ್ನು ಬಲ್ಲರು, ನಮ್ಮನ್ನು ಅರಿಯರು. ಅರಿತಿದ್ದಾರೋ ಇಲ್ಲವೋ ಎಂದು ನೀವು ಕೇಳಿಯೂ ಇಲ್ಲ. ಈ ಕಾರಣಕ್ಕೆ ಬಕ್ಕಪ್ಪ ಎಂಬ ಕುರಿಗಾರನ ಹೊಲ ಹೋಗಿದೆ. ಉಮರ್ಗಾ, ನಿಲಂಗಾ, ಉದಗೀರ, ಈ ಮೂರರಲ್ಲಿ ಯಾವ ಕೋರ್ಟಿನಲ್ಲಿ ಇದು ನಡೆಯಿತೆಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಆ ಒಬ್ಬ ಮುನಸೀಫರನ್ನು ಎತ್ತಂಗಡಿ ಮಾಡಿ ಸುಮ್ಮನಾಗುತ್ತೀರಿ. ಇಲ್ಲಿಗೆ ಬಂದವರಿಗೆ ಹೇಗೂ ವರ್ಗವೇ ಸ್ವರ್ಗ. ಅವರ ಜಾಗಕ್ಕೆ ಅಂಥವರೇ ಇನ್ನೊಬ್ಬರು ಬರುತ್ತಾರೆ. ನನ್ನ ಜಗಳ ಕುರ್ಚಿಯಲ್ಲಿ ಕುಳಿತವರೊಡನೆ ಅಲ್ಲ, ಕೂರಿಸಿದ ನಿಮ್ಮೊಡನೆ.

ನಾನು ಸೊಲ್ಲಾಪುರದ ಕಡೆಯ ಕನ್ನಡ ಶಾಲೆಯಲ್ಲಿ ಕಲಿತು, ಧಾರವಾಡದಲ್ಲಿ ಕನ್ನಡದ ಬಿ.ಎ. ಮಾಡಿ, ತಿರುಗಿ ಇಲ್ಲಿಗೇ ಮಾಸ್ತರಿಕೆಗೆ ಬಂದವನು. ನಲವತ್ತು ದಾಟಿ ಕೆಲವು ವರ್ಷಗಳಾದವು. ಅಷ್ಟರಲ್ಲಿ ಕೂತ ಜಾಗದಲ್ಲೇ ಮೂರು ಸರಕಾರ ಕಂಡೆ. ನಿಜಾಮರ ಕಾಲದಲ್ಲಿ ಮುನಸೀಫರು ಹೈದರಾಬಾದಿನಿಂದ ಬಂದು ಉರ್ದುವಿನಲ್ಲಿ ತೀರ್ಪು ಹೇಳುತ್ತಿದ್ದರು. ಪೊಲೀಸ್ ಕಾರ್ಯಾಚರಣೆಯಾಯಿತು, ಝಂಡಾ ಬದಲಾಯಿತು, ತೀರ್ಪು ಇಂಗ್ಲಿಷಿಗೆ ಹೋಯಿತು. ಮೊನ್ನೆ ಮೊನ್ನೆ ನಮ್ಮನ್ನು ಮುಂಬಯಿ ರಾಜ್ಯಕ್ಕೆ ಸೇರಿಸಿದರು, ಈಗ ಸಮುದ್ರದ ಕಡೆಯಿಂದ ಬರುತ್ತಾರೆ. ರಾಜ್ಯ ಮೂರು ಬಂದವು, ಮುದ್ರೆ ಮೂರು ತಂದವು, ನಮ್ಮ ಬಾಳು ಬಲ್ಲವರೊಬ್ಬರನ್ನು ತರಲು ಮಾತ್ರ ಮರೆತು ನಿಂದವು. ಪ್ರಾಸ ನನ್ನ ಹಳೆಯ ಚಟ, ಕ್ಷಮಿಸಿ. ಮನಸ್ಸು ಕೆಟ್ಟಾಗ ಅದು ಇನ್ನೂ ಹೆಚ್ಚುತ್ತದೆ.

ಇದನ್ನು ಭಾಷೆಯ ಜಗಳವೆಂದು ತಿಳಿದು ಮಡಚಿ ಇಡಬೇಡಿ. ಮರಾಠಿಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಾಯಿ ಮುಕ್ತಾಬಾಯಿ ಮರಾಠಿಯಲ್ಲಿ ಹಾಡಿ ಕನ್ನಡದಲ್ಲಿ ಬೈಯುತ್ತಿದ್ದಳು, ಎರಡೂ ನಮಗೆ ಚೆನ್ನಾಗಿ ತಿಳಿಯುತ್ತಿದ್ದವು. ಬಕ್ಕಪ್ಪನ ಮೇಲಿನ ದಾವೆಯಲ್ಲಿ ದುಭಾಷಿಯೂ ಇದ್ದ. ಅವನು ಒಂದೇ ಒಂದು ಮಾತನ್ನು ತಪ್ಪು ತಿರುಗಿಸಲಿಲ್ಲ. ಮುನಸೀಫರೋ ತರುಣರು, ಯಾರ ಮನೆಯ ಚಹಾವನ್ನೂ ಮುಟ್ಟದ ಪ್ರಾಮಾಣಿಕರು. ಲಂಚ ತಿಂದು ಕೊಟ್ಟ ತೀರ್ಪಾಗಿದ್ದರೆ ನನಗೆ ಬೈಯಲಾದರೂ ಒಬ್ಬರು ಸಿಗುತ್ತಿದ್ದರು.

ನಡೆದದ್ದು ಇಷ್ಟು. ಹಳ್ಳದ ದಂಡೆಯಲ್ಲಿ ಬಕ್ಕಪ್ಪನದೊಂದು ಹೊಲ. ತನ್ನ ಅಜ್ಜ ಕುರಿ ಕೊಟ್ಟು ಅದನ್ನು ಕೊಂಡಿದ್ದನೆಂದು ಅವನ ಮಾತು. ಪಕ್ಕದ ಹೊಲದ ಕಲ್ಯಾಣಪ್ಪನ ಮಾತು ಬೇರೆ: ತನ್ನ ಅಜ್ಜ ಗೊಬ್ಬರದ ಆಸೆಗೆ ಅಲ್ಲಿ ರಾತ್ರಿ ಕುರಿ ತರುಬಿ ಮಂದೆ ಹಾಕಲು ಬಿಟ್ಟಿದ್ದ, ಕುರಿಗಳ ಹಿಂದೆಯೇ ಕುರಿಗಾರನೂ ಉಳಿದುಕೊಂಡ. ಕಾಗದ ನೋಡೋಣವೆಂದರೆ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಗದ್ದಲದಲ್ಲಿ ಊರ ಚಾವಡಿ ಸುಟ್ಟು ಎಲ್ಲ ಬೂದಿಯಾಗಿತ್ತು. ಕಡೆಗೆ ಕಲ್ಯಾಣಪ್ಪ ಕೋರ್ಟಿನಲ್ಲಿ ನಿಂತು ಹೇಳಿದ, ಬಕ್ಕಪ್ಪ ತನ್ನ ದೇವರಾದ ಬೀರಪ್ಪನ ಭಂಡಾರ ಮುಟ್ಟಿ ಹೊಲ ತನ್ನದೆಂದು ಹಲಫು ಮಾಡಲಿ, ಆಣೆ ಇಡಲಿ, ನಾನು ದಾವಾ ಬಿಟ್ಟುಬಿಡುತ್ತೇನೆ ಎಂದು. ಕಾಯಿದೆಯಲ್ಲಿ ಇದಕ್ಕೆ ಅವಕಾಶವಿದೆ. ಬಕ್ಕಪ್ಪನೂ ಸಂತೋಷದಿಂದ ಒಪ್ಪಿದ. ಮುನಸೀಫರು ತಾರೀಖು ಕೊಟ್ಟರು.

ಆ ತಾರೀಖಿನ ಹಿಂದಿನ ದಿನ ಅವನ ಹೆಂಡತಿ ತುಳಜಾಬಾಯಿ ಜ್ವರದಲ್ಲಿ ತೀರಿಕೊಂಡಳು. ಆಕೆಯನ್ನು ಅದೇ ಹೊಲದ ಬದುವಿನಲ್ಲಿ ಹೂಳಿದರು. ಪೇಶಿಯ ದಿನ ಕೋರ್ಟಿಗೆ ಬರದಿದ್ದರೆ ಹೊಲ ಹೋಯಿತೆಂದು ತಿಳಿ ಎಂದು ವಕೀಲರು ಮೊದಲೇ ಹೆದರಿಸಿದ್ದರು. ಆ ದಿನ ಆ ವಕೀಲರಿಗೆ ಬೇರೆ ಊರಿನ ಕೋರ್ಟಿನಲ್ಲಿ ಕೆಲಸವಿತ್ತು. ಬಕ್ಕಪ್ಪ ಒಬ್ಬನೇ ನಡೆದು ಬಂದ, ತಲೆಯ ಮೇಲೆ ರುಮಾಲಿಲ್ಲದೆ.

ಮಾನ್ಯರೇ, ನಮ್ಮ ಸೀಮೆಯಲ್ಲಿ ಅವನ ವಯಸ್ಸಿನ ಗಂಡಸು ಬರಿದಲೆಯಲ್ಲಿ ಹೊರಗೆ ಬಂದನೆಂದರೆ ಮನೆಯಲ್ಲಿ ಸಾವಾಗಿದೆ ಎಂದರ್ಥ. ಸೂತಕ ಕಳೆದ ಮೇಲೆ ಬೀಗರು ಬಂದು ರುಮಾಲು ಸುತ್ತುವವರೆಗೆ ಅವನು ಹಾಗೆಯೇ ಇರುತ್ತಾನೆ. ತುರೋರಿಯ ರಸ್ತೆಯಲ್ಲಿ ಲಾರಿ ಓಡಿಸುವವನಿಗೂ ಇದು ಗೊತ್ತು, ಅಂಥವನು ಕೈಮಾಡಿದರೆ ಲಾರಿ ನಿಲ್ಲಿಸಿ ಹತ್ತಿಸಿಕೊಳ್ಳುತ್ತಾನೆ. ಇನ್ನು ಭಂಡಾರ ಅಂದರೆ ಬೀರಪ್ಪನ ಮುಂದಿನ ಅರಿಸಿನ. ಸೂತಕದವರು ಅದನ್ನು ಮುಟ್ಟುವುದಿಲ್ಲ. ಅದರ ಎದುರಿಗೆ ಸಾವಿನ ಸುದ್ದಿಯನ್ನು ಯಾರೂ ಬಾಯಲ್ಲಿ ತರುವುದಿಲ್ಲ. ಪೂಜಾರಿ ಅಮೋಘಸಿದ್ಧ ಬೇರೆ ಊರಿನಿಂದ ಭಂಡಾರದ ತಟ್ಟೆ ಹಿಡಿದು ನೇರವಾಗಿ ಕೋರ್ಟಿಗೆ ಬಂದವನು. ಬಕ್ಕಪ್ಪನನ್ನು ಕಂಡಾಗಲೇ ಅವನಿಗೆ ಸಂಗತಿ ತಿಳಿಯಿತು. ಆದರೆ ತಟ್ಟೆ ಅವನ ಕೈಯಲ್ಲೇ ಇತ್ತಲ್ಲ! ಹೇಳುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ. ಅಂವಾ ಇಷ್ಟೇ ಅಂದನಂತೆ:

“ಸಾಹೇಬ್ರ, ಇಂವನ ತಲಿ ಒಂದೀಟು ನೋಡ್ರಿ.”

ದುಭಾಷಿ ಅದನ್ನು ಸರಿಯಾಗಿಯೇ ತಿರುಗಿಸಿದ. ಮುನಸೀಫರು ನೋಡಿದರು, ಮುಗುಳ್ನಕ್ಕರು. ಅವರು ಬೆಳೆದ ಮನೆತನದಲ್ಲಿ ದೊಡ್ಡವರ ಮುಂದೆ ಟೋಪಿ ತೆಗೆಯುವುದು ಮರ್ಯಾದೆಯಂತೆ. ತಲೆಯ ಮೇಲೆ ಗಂಟು ಹೊತ್ತು ಬರುವ ಈ ಜನರಲ್ಲಿ ಒಬ್ಬನಾದರೂ ಕೋರ್ಟಿನಲ್ಲಿ ನಿಲ್ಲುವ ರೀತಿ ಕಲಿತನಲ್ಲ, ಸಂತೋಷ ಎಂದರು. ದುಭಾಷಿ ಅದನ್ನೂ ಸರಿಯಾಗಿಯೇ ತಿರುಗಿಸಿದ. ಹೆಂಡತಿಯನ್ನು ಮಣ್ಣು ಮಾಡಿ ಬಂದವನು ಆ ಹೊಗಳಿಕೆಯನ್ನು ನಿಂತು ಕೇಳಿದ.

ಆಮೇಲೆ ಹಲಫು ಮಾಡು ಎಂದರು. ಬಕ್ಕಪ್ಪ ಕೈಮುಗಿದು ತಟ್ಟೆಯಿಂದ ಹಿಂದೆ ಸರಿದ. ಮತ್ತೊಮ್ಮೆ ಹೇಳಿದರು. ಇನ್ನೂ ಹಿಂದೆ ಸರಿದ. ಕಲ್ಯಾಣಪ್ಪ ನೆಲ ನೋಡುತ್ತಿದ್ದನಂತೆ. ಹಿಂದೆ ಕುಳಿತವರಲ್ಲಿ ಗುಜುಗುಜು ಎದ್ದಿತು, ಜವಾನ ಗದರಿದ, ಗುಜುಗುಜು ನಿಂತಿತು. ತೀರ್ಪಿನಲ್ಲಿ ಈ ವಾಕ್ಯವಿದೆ: ಪ್ರತಿವಾದಿಯು ಸತ್ಯವಂತನಾಗಿದ್ದರೆ ತನ್ನ ಸ್ವಂತ ದೇವರ ಮುಂದೆ ಹಿಂಜರಿಯುತ್ತಿರಲಿಲ್ಲ. ಎಂಥ ಚೆಂದದ ವಾಕ್ಯ! ಪರೀಕ್ಷೆಯಲ್ಲಿ ಇಂಥ ವಾಕ್ಯಗಳಿಗೇ ಅಲ್ಲವೇ ನೀವು ಅಂಕ ಕೊಟ್ಟದ್ದು?

ಅಲ್ಲಿ ಬೇಕಾಗಿದ್ದದ್ದು ಒಂದೇ ಪ್ರಶ್ನೆ. ತಟ್ಟೆಯನ್ನು ಅತ್ತ ಸರಿಸಿ, “ಮನ್ಯಾಗ ಏನರ ಆಗ್ಯದೇನಪಾ?” ಎಂದು ಕೇಳಿದ್ದರೆ ಸಾಕಿತ್ತು. ಈ ಪ್ರಶ್ನೆ ಯಾವ ಕಾಯಿದೆಯ ಪುಸ್ತಕದಲ್ಲಿದೆ? ಅದನ್ನು ಕೇಳಬಲ್ಲವರು ಯಾರೆಂದು ಕಂಡುಹಿಡಿಯಲು ನಿಮ್ಮ ಸಂದರ್ಶನದಲ್ಲಿ ಏನು ಮಾಡುತ್ತೀರಿ? ಪಾಠವೆಲ್ಲ ಬಾಯಿಗೆ ಬಂದವರಿಗೆ ಎದುರು ನಿಂತವನ ಪಾಡು ಕಣ್ಣಿಗೆ ಬೀಳುತ್ತದೆಂದು ನಿಮಗೆ ಹೇಳಿದವರು ಯಾರು?

ಆ ದಿನವೇ ಏಕೆ ಹೇಳಲಿಲ್ಲ ಎನ್ನುತ್ತೀರಿ. ಹೇಳಿದರು. ಭಂಡಾರ ಗುಡಿಗೆ ಹೊರಟ ಮೇಲೆ, ಹಿಂದೆ ಕುಳಿತಿದ್ದವರು ಅಂಗಳದಲ್ಲಿ ಕೋರ್ಟಿನ ಗುಮಾಸ್ತನಿಗೆ ಹೇಳಿದರು. ಅವನು ವಕೀಲರ ಮೂಲಕ ಅರ್ಜಿ ಕೊಡಿರಿ ಎಂದ. ವಕೀಲರು ಊರಿಗೆ ಬಂದು, ಕೊಡೋಣ ಎಂದರು. ಅಷ್ಟರಲ್ಲಿ ಸುತ್ತಲಿನ ಮೇವು ತೀರಿತು. ಕುರಿಗಳಿಗೆ ಸೂತಕವಿಲ್ಲ, ಹಸಿವಿದೆ. ಬಕ್ಕಪ್ಪ ಅವುಗಳ ಹಿಂದೆ ದೂರದ ಸೀಮೆಗೆ ಹೋದ. ಅವನ ಬೆನ್ನ ಹಿಂದೆಯೇ ತೀರ್ಪು ಬಂತು. ಬಿತ್ತಿಗೆಯ ಹೊತ್ತಿಗೆ ತಿರುಗಿ ಬಂದು ನೋಡಿದರೆ ಹೊಲದಲ್ಲಿ ಕಲ್ಯಾಣಪ್ಪನ ಎತ್ತುಗಳು. ಈಗ ಹೆಂಡತಿಯನ್ನು ಹೂಳಿದ ಜಾಗಕ್ಕೆ ಹೋಗಬೇಕೆಂದರೆ ಬಕ್ಕಪ್ಪ ಇನ್ನೊಬ್ಬರ ಹೊಲ ತುಳಿಯಬೇಕು. ಇಲ್ಲಿ ಒಂದು ಪ್ರಾಸ ಕೂಡಿಸಲು ನೋಡಿದೆ, ಕೂಡಲಿಲ್ಲ.

ಕಲ್ಯಾಣಪ್ಪ ಕೆಟ್ಟವನಲ್ಲ. ಆ ಬದುವಿನ ಜಾಗ ಬಿಟ್ಟು ಉಳುತ್ತಾನೆ. ಒಮ್ಮೆ ನಾನೇ ಅವನನ್ನು ಕೇಳಿದೆ, ಹೊಲ ತಿರುಗಿ ಕೊಟ್ಟುಬಿಡಬಾರದೇ ಎಂದು.

“ಕೋರ್ಟ್ ಕೊಟ್ಟದ್ದು ಹೆಂಗ ತಿರುಗಿ ಕೊಡ್ಲಿರಿ ಮಾಸ್ತರ? ಸುಳ್ಳು ದಾವಾ ಹಾಕಿದ್ದೆ ಅಂದಂಗ ಆಗ್ತದ. ಅಂವಾ ಹಲಫ್ ಮಾಡಿದ್ರ ನಾ ಅವತ್ತೇ ಬಿಡ್ತಿದ್ದೆ, ಖರೇ. ಈಗ ಅಂವಾ ಎದುರಿಗಿ ಬಂದ್ರ ನಾನೇ ಹಾದಿ ಬಿಟ್ಟು ಇಳೀತೀನಿ. ಗೆದ್ದೀನಿ ಅಂತಾರ ಮಂದಿ. ಗೆದ್ದಾಂವ ಹಿಂಗ ಇರ್ತಾನೇನ್ರಿ?”

ಸೋತವನಿಗೂ ಗೆದ್ದವನಿಗೂ ನ್ಯಾಯ ಸಿಕ್ಕಿತೆಂದು ಅನ್ನಿಸದ ತೀರ್ಪನ್ನು ಏನೆಂದು ಕರೆಯುತ್ತಾರೆ ಮಾನ್ಯರೇ? ನಿಮ್ಮ ಉತ್ತರ ನನಗೆ ಗೊತ್ತು. ಸ್ಥಳೀಯರನ್ನು ನೇಮಿಸಿದರೆ ಬೀಗತನ, ಬಳಗ, ಪಕ್ಷಪಾತ ಎನ್ನುತ್ತೀರಿ. ಸುಳ್ಳಲ್ಲ. ನಮ್ಮೂರ ಪಂಚರನ್ನು ನಾನು ಬಲ್ಲೆ. ಅವರನ್ನು ಮುನಸೀಫರ ಕುರ್ಚಿಯಲ್ಲಿ ಕೂರಿಸಿ ಎನ್ನುವಷ್ಟು ಹುಚ್ಚು ನನಗೆ ಹಿಡಿದಿಲ್ಲ. ಆದರೆ ದೂರದವನಿಗೆ ಪಕ್ಷಪಾತವಿಲ್ಲ ಎಂಬ ಕಾರಣಕ್ಕೆ ಅವನಿಗೆ ಕಣ್ಣಿದೆ ಎಂದು ಹೇಗೆ ತಿಳಿದಿರಿ? ಯಾರನ್ನೂ ಅರಿಯದವನು ಎಲ್ಲರಿಗೂ ಸಮನಾಗಿ ಅನ್ಯಾಯ ಮಾಡುತ್ತಾನೆ, ಅದನ್ನು ನಿಷ್ಪಕ್ಷಪಾತವೆಂದು ಬರೆದುಕೊಳ್ಳುತ್ತೀರಿ. ಎತ್ತು ಕೊಳ್ಳುವವನು ಹಲ್ಲು ನೋಡಿ, ನಡೆಸಿ ನೋಡಿ, ಅದು ಉತ್ತ ಹೊಲದವನನ್ನು ಕೇಳಿ ಕೊಳ್ಳುತ್ತಾನೆ. ನೀವು ಹಲ್ಲು ಮಾತ್ರ ನೋಡುತ್ತೀರಿ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಯಾವ ಸೀಮೆಗೆ ಮುನಸೀಫರನ್ನು ಕಳಿಸುತ್ತೀರೋ ಆ ಸೀಮೆಯಲ್ಲಿ ಅವರು ಮೊದಲು ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ಅಧಿಕಾರವಿಲ್ಲದೆ ಇರಲಿ. ಅನುಭವಸ್ಥ ನ್ಯಾಯಾಧೀಶರ ಪಕ್ಕದಲ್ಲಿ ಕುಳಿತು ಕೇಳಲಿ, ಸಂತೆಗೆ ಹೋಗಲಿ, ಸಾವಿನ ಮನೆಗೂ ಹೋಗಲಿ. ಕಾಯಂ ಮಾಡುವ ಮುಂಚೆ ಅಲ್ಲಿಯ ವಕೀಲರನ್ನೂ, ವಕೀಲರನ್ನು ಇಟ್ಟುಕೊಳ್ಳಲಾಗದೆ ಒಬ್ಬರೇ ನಿಂತವರನ್ನೂ ನೀವು ಕೇಳಿರಿ: ಇವರು ನಿಮ್ಮ ಮುಖ ನೋಡುತ್ತಾರೆಯೇ? ಅಂಕಪಟ್ಟಿಯ ಜೊತೆಗೆ ಆ ಉತ್ತರಕ್ಕೂ ಬೆಲೆ ಕೊಡಿ. ಆಯ್ಕೆಯ ಕೋಣೆಯಲ್ಲಿ ಈ ಸೀಮೆಯವರೊಬ್ಬರಿಗೆ ಒಂದು ಕುರ್ಚಿ ಹಾಕಿಸಿರಿ, ಕಾಲು ಮುರಿದ ಕುರ್ಚಿಯಾದರೂ ನಡೆದೀತು.

ಇಷ್ಟೆಲ್ಲ ಓದಿ ನನ್ನನ್ನು ಸುಧಾರಕನೆಂದು ತಿಳಿಯಬೇಡಿ. ನಿಜ ಹೇಳಿಬಿಡುತ್ತೇನೆ. ನೀವು ಇದಿಷ್ಟನ್ನೂ ನಾಳೆಯೇ ಜಾರಿಗೆ ತಂದರೂ ಬಕ್ಕಪ್ಪನಿಗೆ ಏನೂ ಸಿಗುವುದಿಲ್ಲ. ಅವನು ಕುರಿಗಳ ಹಿಂದೆ ಅಲೆಯುತ್ತಿದ್ದಾಗಲೇ ಅಪೀಲಿನ ಮುದ್ದತು ಮುಗಿದಿದೆ, ವಕೀಲರು ಕೈಚೆಲ್ಲಿದ್ದಾರೆ. ಅವನಿಗೆ ಇದು ಗೊತ್ತಿಲ್ಲ. ಹೇಳಲೆಂದೇ ಅವನನ್ನು ಕರೆಸಿದೆ. ಎದುರಿಗೆ ಬಂದು ಕುಳಿತಾಗ ಅರ್ಧ ಬರೆದಿದ್ದ ಈ ಪತ್ರವನ್ನೇ ತೋರಿಸಿ, ಬಕ್ಕಪ್ಪಾ, ಇದೇ ನಿನ್ನ ಅಪೀಲು ಎಂದುಬಿಟ್ಟೆ. ಅವನು ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

“ಉತ್ತರಾ ಬಂದ ಕೂಡ್ಲೇ ಓದಿ ಹೇಳ್ರಿ ಮಾಸ್ತರ,” ಅಂದ. “ನಾ ಈ ಸಲ ಎಲ್ಲೀಗೂ ಹೋಗಲ್ಲ.”

ಮಾನ್ಯರೇ, ದಯಮಾಡಿ ಉತ್ತರ ಬರೆಯಬೇಡಿ.

ಇಂತಿ,
ನಿಮ್ಮ ಮೌನವನ್ನೇ ಬೇಡುವ
ರಾಚಯ್ಯ, ಬಿ.ಎ.