ಗುಂಡಿ ಹಾಕಿದ ಕೋಟು

ಕೋಲಾರದ ಮೇಲ್ಸುರಂಗ, ಬಿಸಿಲುಮಾಸದ ಕಡೆಯ ವಾರ, ಇಸವಿ ೨೨೧೪.

ಇಪ್ಪತ್ತೊಂದನೆಯ ಶತಮಾನದಲ್ಲಿ ಬದುಕಿರುವ ಹಿರಿಯರಿಗೆ ನಮಸ್ಕಾರ.

ಬಿಸಿಲುಮಾಸ ನಿಮ್ಮ ಪಂಚಾಂಗದಲ್ಲಿ ಇಲ್ಲ, ಹುಡುಕಬೇಡಿ. ಅದು ನಮ್ಮ ಹದಿಮೂರನೆಯ ತಿಂಗಳು. ನೆಲದ ಮೇಲೆ ಯಾರೂ ಓಡಾಡಲಾಗದ ದಿನಗಳನ್ನೆಲ್ಲ ಬೇರೆ ತೆಗೆದು ಹಾಗೊಂದು ಹೆಸರಿಟ್ಟಿದ್ದಾರೆ. ಆಗ ನಮ್ಮ ಊರಿಗೆ ಊರೇ ಚಾಪೆ, ಪಾತ್ರೆ, ಕೋಳಿ ಸಮೇತ ಹಳೆಯ ಚಿನ್ನದ ಗಣಿಯ ಮೇಲಿನ ಸುರಂಗಗಳಿಗೆ ಇಳಿಯುತ್ತದೆ. ನನ್ನ ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಾನು ಎರಡು ಸಲ ಶಾಲೆ ಸೇರಿ ಎರಡು ಸಲವೂ ಬಿಟ್ಟವಳು. ಒತ್ತಕ್ಷರ ಎಲ್ಲಿ ಬರಬೇಕು, ಎಲ್ಲಿ ಬಾರದು ಅನ್ನುವ ಭಯ ಈಗಲೂ ಹೋಗಿಲ್ಲ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತೇನೆ. ಹಿಂದಂಚೆ ಅಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ. ಹೆಚ್ಚಿನವರು ಅಜ್ಜಿಯ ಅಜ್ಜಿಗೆ ಬರೆದು ಆರೋಗ್ಯ ವಿಚಾರಿಸುತ್ತಾರೆ. ತಲುಪಿತು ಎಂದು ಯಾರಿಗೂ ಉತ್ತರ ಬಂದದ್ದಿಲ್ಲ. ನಿಮಗೆ ತಲುಪದಿದ್ದರೆ ಏನು ಮಾಡುವುದು, ತಲುಪಿದರೆ ನೀವು ನನ್ನ ಬಗ್ಗೆ ಏನೆಂದುಕೊಳ್ಳುತ್ತೀರಿ, ಎರಡೂ ಚಿಂತೆ ಒಟ್ಟಿಗೇ ಇದೆ.

ನಾನು ನಗೆಮನೆಯಲ್ಲಿ ಕೆಲಸ ಮಾಡುವವಳು. ಬಿಸಿಲುಮಾಸದಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಸುರಂಗದಲ್ಲಿ ಬದುಕಬೇಕಲ್ಲ, ಜಗಳ ಹತ್ತುತ್ತದೆ, ಮನಸ್ಸು ಕೆಡುತ್ತದೆ. ಅದಕ್ಕೇ ದಿನಕ್ಕೊಮ್ಮೆ ಎಲ್ಲರೂ ಸೇರಿ ನಗಬೇಕೆಂದು ಕಟ್ಟಳೆ ಇದೆ. ದೊಡ್ಡ ಸುರಂಗದ ಗೋಡೆಗೆ ಸುಣ್ಣ ಬಳಿದು ಅದರ ಮೇಲೆ ಹಳೆಯ ಚಿತ್ರಗಳನ್ನು ಬಿಡುತ್ತೇವೆ. ಇಲ್ಲಿ ತೇವವಿಲ್ಲವೆಂದು ಯಾವ ಯಾವ ದೇಶದಿಂದಲೋ ಸುರುಳಿಗಳು ಬಂದು ಸೇರಿವೆ, ನಿಮ್ಮ ಮುತ್ತಜ್ಜಂದಿರ ಕಾಲದ ಮೂಕಚಿತ್ರಗಳೂ ಇವೆ. ಎಲ್ಲವೂ ತೂತು, ಹರಕು. ಹರಿದ ಕಡೆ ತೇಪೆ ಹಾಕುವುದು ನಮ್ಮ ಕೆಲಸ. ತೇಪೆಯಂತ್ರಕ್ಕೆ ಹಿಂದಿನದನ್ನೂ ಮುಂದಿನದನ್ನೂ ತೋರಿಸಿದರೆ ನಡುವೆ ಏನಾಗಿರಬಹುದು ಎಂದು ತಾನೇ ಚಿತ್ರ ಬರೆದು ಸೇರಿಸುತ್ತದೆ. ಅದಕ್ಕೂ ತೋಚದಿದ್ದರೆ ಮಾದರಿ ಕೊಡಿ ಎಂದು ಕೇಳುತ್ತದೆ. ಮೊದಲು ತೇಪೆ ಇದ್ದ ಕಡೆ ಮೂಲೆಯಲ್ಲಿ ಒಂದು ಬೇವಿನೆಲೆಯ ಗುರುತು ಕಾಣುತ್ತಿತ್ತಂತೆ. ಎಲೆ ಕಂಡೊಡನೆ ನಗು ನಿಂತುಹೋಗುತ್ತದೆ ಎಂದು ಜನ ಗೊಣಗಿದರು. ನಗೆಪಂಚಾಯ್ತಿಯವರು ಎಲೆ ತೆಗೆಸಿಬಿಟ್ಟರು. ಆಮೇಲೆ ಯಾವುದು ಬಟ್ಟೆ, ಯಾವುದು ತೇಪೆ ಎಂಬುದು ಮಕ್ಕಳಿಗಿರಲಿ ದೊಡ್ಡವರಿಗೂ ತಿಳಿಯದೆ ಹೋಯಿತು.

ಈಗ ಲೂಷಿಯಸ್ ಪೆಟ್ವೇ ಅವರ ವಿಷಯ. ಅಮೆರಿಕದ ಹತ್ತಿಹೊಲಗಳ ಕಡೆಯ ಕಪ್ಪು ಜನಾಂಗದವರು, ಗುಲಾಮರಾಗಿದ್ದವರ ಮೊಮ್ಮಗ. ಡೇರೆ ಆಟಗಳಲ್ಲಿ ದೊಗಳೆ ಬೂಟು ಹಾಕಿಕೊಂಡು ಕುಣಿದು, ಹಾಡಿ, ಆಮೇಲೆ ಸಿನಿಮಾ ಹುಟ್ಟಿದ ಹೊಸದರಲ್ಲಿ ಅಲ್ಲಿಗೆ ಹೋದರು. ಅಲ್ಲಿ ಅವರಿಗೆ ಸಿಕ್ಕಿದ್ದು ರೈಲಿನಲ್ಲಿ ಪೆಟ್ಟಿಗೆ ಹೊರುವವನ ವೇಷ, ಅಡುಗೆಯವನ ವೇಷ, ಕುದುರೆಲಾಯದವನ ವೇಷ. ಯಾವ ವೇಷವಾದರೂ ದೆವ್ವ ಕಂಡು ಹೆದರಬೇಕು, ನೋಡಿದ ಬಿಳಿಯರು ನಗಬೇಕು. ಪರದೆಯ ಮೇಲೆ ಹೆಸರೇ ಬರುತ್ತಿರಲಿಲ್ಲ, ಬಂದರೆ 'ಪೆಪ್ಪರ್‌ಮಿಂಟ್' ಎಂದು ಬರುತ್ತಿತ್ತು. ಮಾತಿನ ಚಿತ್ರ ಬಂದ ಮೇಲೆ, ಅಷ್ಟು ಚೆನ್ನಾಗಿ ಮಾತಾಡಬಲ್ಲವರಿಗೆ ತೊದಲು ಹೇಳು ಎಂದರು. ಅವರದೇ ಜನ ಒಂದು ಚಿತ್ರ ತೆಗೆದಾಗ ಅದರಲ್ಲಿ ಡಾಕ್ಟರ ಪಾತ್ರ ಮಾಡಿದ್ದರಂತೆ. ಅದರ ಒಂದು ಚೂರೂ ಉಳಿದಿಲ್ಲ. ಮುದುಕರಾದಾಗ ಅವರ ಜನವೇ ಚಿತ್ರಮಂದಿರದ ಮುಂದೆ ನಿಂತು ನಮ್ಮ ಮಾನ ಕಳೆಯಬೇಡ ಎಂದು ಕೂಗಿದರು. ಕೊನೆಗೆ ಒಂದು ಹೋಟೆಲಿನ ಬಾಗಿಲಲ್ಲಿ, ಬಂದವರ ಕೋಟು ಇಸಿದುಕೊಂಡು ಮೊಳೆಗೆ ನೇತುಹಾಕುವ ಕೆಲಸ ಮಾಡಿಕೊಂಡಿದ್ದು ತೀರಿಕೊಂಡರು. ಅಷ್ಟು ವರ್ಷದ ದುಡಿಮೆಯಲ್ಲಿ ಸುಮಾರಾಗಿ ಪೂರ್ತಿ ಉಳಿದದ್ದು ಒಂದೇ ಚಿತ್ರ, ಹಳೆಯ ಬಂಗಲೆಯದು. ಅದು ನಮ್ಮಲ್ಲಿದೆ.

ಆ ಚಿತ್ರದಲ್ಲಿ ಅವರು ದೀಪ ಹಿಡಿದು ಒಂದು ಮುಚ್ಚಿದ ಬಾಗಿಲ ಮುಂದೆ ಬಂದು ನಿಲ್ಲುತ್ತಾರೆ. ಒಳಗೆ ದೆವ್ವ ಇದೆ ಎಂದು ಎಲ್ಲರಿಗೂ ಗೊತ್ತು. ಆಗ ಅವರಿಗೆ ನಡುಕ ಹಿಡಿಯುತ್ತದೆ. ಮಂಡಿಯಿಂದ ಹತ್ತಿ ಹೊಟ್ಟೆ, ಭುಜ, ಕಡೆಗೆ ಕಿವಿಯೂ ನಡುಗುತ್ತದೆ. ಈ ನಡುಕ ನಮ್ಮ ಸುರಂಗದಿಂದ ಲೋಕಕ್ಕೆಲ್ಲ ಹೋಗಿ ಪ್ರಸಿದ್ಧವಾಯಿತು. ನಮ್ಮಲ್ಲಿ ಅದು ಶಾಸ್ತ್ರವೇ ಆಗಿಬಿಟ್ಟಿದೆ. ತೊಟ್ಟಿಲಿಗೆ ಹಾಕುವ ದಿನ ಸೋದರಮಾವ ದೀಪ ಹಿಡಿದು ಮಗುವಿನ ಮುಂದೆ ಪೆಪ್ಪರ್‌ಮಿಂಟ್ ನಡುಕ ನಡುಗಬೇಕು. ಮಗು ನಕ್ಕ ಮೇಲೆಯೇ ಹೆಸರು. ಆ ಜಾಗಕ್ಕೆ ತೇಪೆ ಹಾಕಿದವಳು ನನ್ನ ತಾಯಿ ಎಸ್ತರಮ್ಮ. ಕಳೆದುಹೋಗಿದ್ದ ನಡುಕವನ್ನು ಸುರುಳಿಯ ಒಳಗಿಂದಲೇ ಹೊರತೆಗೆದಳು ಎಂದು ಊರು ನಂಬಿತು. ನಗೆಮನೆಯ ಬಾಗಿಲಲ್ಲಿ ಅವಳ ಫೋಟೋಗೆ ದಿನಾ ಹಾರ ಬೀಳುತ್ತದೆ.

ಈ ಬಿಸಿಲುಮಾಸದಲ್ಲಿ ಪೆಟ್ವೇ ಅವರ ವಂಶದ ಹೆಣ್ಣುಮಗಳು ಡೆಲ್ಫೀನ್ ಸಮುದ್ರ ದಾಟಿ ಬಂದರು. ಜನರನ್ನು ಗಣಿಗೆ ಇಳಿಸುವ ತೊಟ್ಟಿಲುಗಾಡಿಯಿಂದ ಇಳಿಯುತ್ತಿದ್ದಂತೆ ನಮ್ಮ ಪಂಚಾಯ್ತಿ ಯಜಮಾನ ಮುನಿಶಾಮಪ್ಪ ಕೈಮುಗಿದು ಓಡಿದ. "ಬನ್ನಿ ತಾಯಿ, ಬನ್ನಿ! ನಿಮ್ ತಾತ ನಮ್ಗೆ ದೇವ್ರಿದ್ದಂಗೆ. ನಮ್ ಮೊಮ್ಮಗ್ಳು ಮೊದ್ಲು ನಕ್ಕಿದ್ದೇ ನಿಮ್ ತಾತುನ್ ನಡುಕ ನೋಡಿ, ಇಂಗೆ ನೋಡಿ ಇಂಗೆ" ಎಂದು ಅಲ್ಲೇ ನಿಂತು ಮಂಡಿಯಿಂದ ಕಿವಿಯವರೆಗೆ ನಡುಗಿ ತೋರಿಸಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಡೆಲ್ಫೀನ್ ಅವರ ಕಿವಿಯಲ್ಲಿ ಕಿವಿದೂತ ಇತ್ತು. ನಮ್ಮ ಮಾತನ್ನು ಪರಭಾಷೆಯವರ ಕಿವಿಯಲ್ಲಿ ಹೇಳಿ, ಅವರ ಮಾತನ್ನು ನಮ್ಮ ಭಾಷೆಗೆ ತಿರುಗಿಸಿ ಗಟ್ಟಿಯಾಗಿ ಹೇಳುವ ಸಣ್ಣ ಯಂತ್ರ ಅದು. ಯಾರೋ ಪುಣ್ಯಾತ್ಮರು ಅದಕ್ಕೆ ನಿಮ್ಮ ಕಾಲದ ಸರ್ಕಾರಿ ಸುತ್ತೋಲೆಗಳಿಂದ ಕನ್ನಡ ಕಲಿಸಿದ್ದಾರೆ. ಆಕೆ ಮೆಲ್ಲಗೆ ಏನೋ ಅಂದರು. ಕಿವಿದೂತ ಹೇಳಿತು: "ಮಾನ್ಯರೇ, ಸದರಿ ನಡುಕವನ್ನು ಈ ಕೂಡಲೇ ನಿಲ್ಲಿಸತಕ್ಕದ್ದು."

ಸಂಜೆ ಪಂಚಾಯ್ತಿ ಸೇರಿದಾಗ ಅವರು ಬಂದ ಕಾರಣ ಹೇಳಿದರು. ಆ ಚಿತ್ರವನ್ನು ಸುಡಬೇಕು, ಅಷ್ಟೆ. ಕಿವಿದೂತದ ಕನ್ನಡ ಕೇಳಿ ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು, ಮಾತು ಮುಗಿಯುವಷ್ಟರಲ್ಲಿ ಸುಮ್ಮನಾದರು. "ಶಾಲೆಯಲ್ಲಿ ಸಹಪಾಠಿಗಳು ನನ್ನ ಕೈಗೆ ದೀಪವನ್ನು ನೀಡಿ ನಡುಗುವಂತೆ ಸೂಚಿಸುತ್ತಿದ್ದರು. ನಡುಗಿದ ನಂತರವೇ ಊಟಕ್ಕೆ ಬಿಡಲಾಗುತ್ತಿತ್ತು. ಸದರಿ ವ್ಯಕ್ತಿಯು ನನ್ನ ಪೂರ್ವಿಕರೆಂದು ನಾನು ಇಂದಿನವರೆಗೆ ಯಾರಲ್ಲಿಯೂ ಹೇಳಿರುವುದಿಲ್ಲ. ನನ್ನ ಮಗಳಿಗೆ ಶಾಲೆಗೆ ಸೇರುವ ವಯಸ್ಸಾಗಿರುತ್ತದೆ."

ಆ ನಡುಕ ಹುಟ್ಟಿದ್ದು ನಮ್ಮ ಅಡುಗೆಮನೆಯಲ್ಲಿ. ಯಂತ್ರ ಮಾದರಿ ಕೇಳಿದಾಗ ಅಮ್ಮ ನನ್ನ ಅಪ್ಪ ಅರುಳಪ್ಪನನ್ನು ಒಲೆಯ ಪಕ್ಕ ನಿಲ್ಲಿಸಿ ದೀಪದ ಬದಲು ಸಾರಿನ ಸೌಟು ಕೊಟ್ಟಿದ್ದಳು. "ಇನ್ನೂ ಜೋರಾಗಿ ನಡುಗ್ರೀ, ಇದೇನು ಚಳಿ ಬಂದೋರ ಥರ" ಎಂದು ಬೈದಿದ್ದಳು. ಅಪ್ಪ ಕಿವಿ ಕೂಡ ಅಲ್ಲಾಡಿಸಿದ. ಇನ್ನೂ ಸರಿಯಾಗಿ ಮಾತು ಬಾರದ ನಾನು ನೆಲದ ಮೇಲೆ ಹೊರಳಾಡಿ ನಕ್ಕೆನಂತೆ. ಮಗು ನಕ್ಕಿತಲ್ಲ, ಇದೇ ಸರಿ ಎಂದಳಂತೆ ಅಮ್ಮ. ಮನೆಯಲ್ಲಿ ಇದನ್ನು ಹಬ್ಬಹಬ್ಬಕ್ಕೂ ಹೇಳಿಕೊಂಡು ನಗುತ್ತಿದ್ದೆವು. ಒಬ್ಬ ಮನುಷ್ಯನ ಮೈಗೆ ಇನ್ನೊಬ್ಬನ ನಡುಕ ಹೊಲಿದಿದ್ದೇವೆ ಎಂದು ಯಾರಿಗೂ ಅನ್ನಿಸಲಿಲ್ಲ. ಹೆದರುವ ವೇಷದವರು ತಾನೇ, ಹೆದರಿರುತ್ತಾರೆ ಎಂದುಕೊಂಡೆವು. ಈಗ ಬಾಯಿ ಬಿಟ್ಟರೆ ಅಮ್ಮನ ಫೋಟೋ ಇಳಿಯುತ್ತದೆ. ಬಿಡದಿದ್ದರೆ ಆಕೆ ನಮ್ಮಪ್ಪನ ನಡುಕಕ್ಕಾಗಿ ತಮ್ಮ ವಂಶದ ಹಿರಿಯರನ್ನು ಸುಡುತ್ತಾರೆ.

ನಾನು ಎದ್ದು ನಿಂತೆ. ಮುನಿಶಾಮಪ್ಪ ಕೈಯಾಡಿಸಿ "ಏಯ್ ಜ್ಞಾನಮಣಿ, ಕೂತ್ಕೊಳಮ್ಮ, ನೀನೊಬ್ಳು ಎಲ್ಲದಕ್ಕೂ ಗಾಬ್ರಿ" ಎಂದ. "ಅದು ನಮ್ಮಪ್ಪ, ಯಜಮಾನ್ರೇ. ಆ ತೇಪೇಲಿ ನಡುಗಿರೋದು ನಮ್ಮಪ್ಪ" ಎಂದೆ. ಅವನು ತಗ್ಗಿದ ದನಿಯಲ್ಲಿ ಕೇಳಿದ. "ಎಸ್ತರಮ್ಮುನ್ ಫೋಟೋ ನೀನೇ ಇಳಿಸ್ತೀಯೇನಮ್ಮ?" ನನಗೆ ಡೆಲ್ಫೀನ್ ಅವರ ಕಡೆ ನೋಡಲು ಆಗಲಿಲ್ಲ. ಕಿವಿದೂತ ಮಾತ್ರ ಕೇಳಿತು: "ಹಾಗಾದಲ್ಲಿ ನನ್ನ ಪೂರ್ವಿಕರು ಅಲ್ಲಿ ಏನು ಮಾಡಿರುತ್ತಾರೆ?"

ಗೊತ್ತಿಲ್ಲ. ಅದೇ ನಾಚಿಕೆ. ಮಾರನೆಯ ದಿನ ತೇಪೆ ಬಿಚ್ಚಿದೆ. ಹರಿದ ಜಾಗವನ್ನು ಹರಿದಷ್ಟೂ ಹೊತ್ತು ಕಪ್ಪಾಗಿಯೇ ಬಿಡುವುದು, ನೋಡಿದ ಮೇಲೆ ಸುಡುವುದೋ ಇಡುವುದೋ ಆಕೆಯೇ ಹೇಳುವುದು ಎಂದು ಪಂಚಾಯ್ತಿ ಒಪ್ಪಿತ್ತು. ಊರೆಲ್ಲ ಬಂದು ಕೂತಿತು. ಆಕೆ ನನ್ನ ಪಕ್ಕದಲ್ಲಿ ಕೂತರು. ಪೆಟ್ವೇ ಅವರು ದೀಪ ಹಿಡಿದು ಬಂದರು, ಬಾಗಿಲ ಮುಂದೆ ನಿಂತರು. ಕೋಟು ತೆರೆದು ಜೋತಾಡುತ್ತಿತ್ತು. ಆಮೇಲೆ ಕತ್ತಲೆ.

ಆ ಕತ್ತಲೆಯಲ್ಲಿ ಒಂದು ನಗು ಕೇಳಿಸಿತು. ಒಂದೇ ಒಂದು. ಅದು ನನ್ನದು. ಹುಟ್ಟಿದಾಗಿನಿಂದ ಆ ಕ್ಷಣಕ್ಕೆ ನಕ್ಕ ಮೈ, ಎದುರಿಗೆ ಏನೂ ಇಲ್ಲದಿದ್ದರೂ ನಕ್ಕಿತು. ಬಾಯಿಗೆ ಸೆರಗು ತುರುಕಿಕೊಂಡೆ. ಮತ್ತೆ ಬೆಳಕು ಬಂದಾಗ ಅವರು ಬಾಗಿಲಿನ ಆ ಕಡೆ, ದೆವ್ವದ ಕೋಣೆಯ ಒಳಗೆ ನಿಂತಿದ್ದರು. ದೀಪ ನೆಟ್ಟಗಿತ್ತು. ಕೋಟಿಗೆ ಮೇಲಿನಿಂದ ಕೆಳಗಿನವರೆಗೆ ಗುಂಡಿ ಹಾಕಿತ್ತು. ನಡುಗುವ ಕೈ ಯಾವ ಕೋಟಿಗೂ ಹಾಗೆ ಗುಂಡಿ ಹಾಕಲಾರದು. ಜೀವಮಾನವೆಲ್ಲ ನೋಡಿದ ಚಿತ್ರ, ನನಗಾಗಲಿ ಅಮ್ಮನಿಗಾಗಲಿ ಊರಿಗಾಗಲಿ ಆ ಗುಂಡಿ ಕಂಡಿರಲಿಲ್ಲ, ನಗುತ್ತಾ ಇದ್ದೆವಲ್ಲ. ಡೆಲ್ಫೀನ್ ಅವರ ಬೆರಳು ತಮ್ಮ ಕೊರಳಪಟ್ಟಿಯ ಗುಂಡಿಯ ಮೇಲೆ ಇತ್ತು. "ಇನ್ನೊಮ್ಮೆ ತೋರಿಸತಕ್ಕದ್ದು" ಎಂದಿತು ಕಿವಿದೂತ. ಆಮೇಲೆ ಮತ್ತೊಮ್ಮೆ ಅಂದಿತು. ಚಿತ್ರ ಸುಡಲಿಲ್ಲ. ಅಮ್ಮನ ಫೋಟೋವನ್ನು ನಾನೇ ಇಳಿಸಿ ಮನೆಗೆ ತಂದೆ. ಮುನಿಶಾಮಪ್ಪ ಮೊಳೆ ಕಿತ್ತುಕೊಟ್ಟ.

ಹಿರಿಯರೇ, ನಾನು ನನ್ನ ಒಂದೇ ಕಾಗದವನ್ನು ಖರ್ಚು ಮಾಡಿದ್ದು ಇದಕ್ಕೆ. ನಮ್ಮಲ್ಲಿ ಹರಿದುಹೋದ ಆ ಚೂರು ನಿಮ್ಮ ಕಾಲದಲ್ಲಿ ಯಾವುದಾದರೂ ಡಬ್ಬದಲ್ಲೋ, ಚರ್ಚಿನ ನೆಲಮಾಳಿಗೆಯಲ್ಲೋ ಇನ್ನೂ ಇದ್ದೀತು. ಸಿಕ್ಕಿದರೆ ಜೋಪಾನ ಮಾಡಿ. ನಮಗೆ ಕಳಿಸುವ ದಾರಿ ಹುಡುಕಬೇಡಿ. ನೀವು ಕಾಪಾಡಿದರೆ ಸಾಕು, ವರ್ಷಗಳ ಮಾಮೂಲಿ ದಾರಿಯಲ್ಲಿ ಅದು ತಾನೇ ನಡೆದು ಬರುತ್ತದೆ. ಸಿಗದಿದ್ದರೆ ತೇಪೆ ಮಾತ್ರ ಹಾಕಬೇಡಿ. ತೇಪೆಯಂತ್ರ ಕಟ್ಟಲು ಮೊದಲು ಶುರುಮಾಡಿದವರು ನಿಮ್ಮ ಕಾಲದವರೇ ಎಂದು ಕೇಳಿದ್ದೇನೆ, ಅದಕ್ಕೇ ಭಯ. ಕಪ್ಪಾಗಿಯೇ ಇರಲಿ ಬಿಡಿ. ಆ ಕತ್ತಲೆಯಲ್ಲಿ ಒಬ್ಬ ಮನುಷ್ಯ ತನ್ನ ಕೋಟಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಾನೆ. ಮುಗಿಸುವವರೆಗೆ ದಯವಿಟ್ಟು ಸುಮ್ಮನೆ ಕೂತಿರಿ. ನನಗೆ ಆಗಲಿಲ್ಲ.

ನಿಮ್ಮ ಪಾದಕ್ಕೆ ಬೀಳುವ,
ಜ್ಞಾನಮಣಿ
ಎಸ್ತರಮ್ಮ, ಅರುಳಪ್ಪನವರ ಮಗಳು