ಆಧಾರ: ಚಿಕ್ಕಮ್ಮ

೯ ಮಾರ್ಚ್ ೨೦೦೮, ಭಾನುವಾರ
ಸ್ಥಳ: ಮನೆ. (ಯಾವ ಮನೆ ಎಂದು ಕೇಳಬೇಡ. ನನಗೆ ಈಗ ಉಳಿದಿರುವುದು ಇದೊಂದೇ.)

ಪ್ರೀತಿಯ ಮಗಳೇ,

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ, ಅದನ್ನು ಬರೆದು ಶಾಯಿ ಖರ್ಚು ಮಾಡುವುದಿಲ್ಲ. ನೀನು, ಅಳಿಯಂದಿರು, ಮಕ್ಕಳು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ನೀನು ಕಳಿಸಿದ ಪುಟಗಳ ಕಟ್ಟು ಬಂದು ಐದು ವಾರವಾಯಿತು. ಕ್ಷಮೆ ಕೇಳುವುದು ನನ್ನ ರೂಢಿಯಲ್ಲ, ಆದರೂ ತಡವಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ನೀನು ಎರಡು ಸಲ ಫೋನ್ ಮಾಡಿದಾಗ "ಕಣ್ಣಿಗೆ ಹನಿ ಹಾಕ್ಕೊಂಡಿದೀನಿ, ಓದೋಕಾಗಲ್ಲ" ಎಂದೆ. ಹನಿ ಹಾಕಿಕೊಂಡದ್ದು ನಿಜ. ಓದಲಾಗದ್ದು ಸುಳ್ಳು. ಕಟ್ಟು ಬಂದ ದಿನವೇ ಮೂವತ್ತೆರಡು ಪುಟವನ್ನೂ ಓದಿ ಮುಗಿಸಿದ್ದೆ.

ಮೊದಲು ಕೆಲಸದ ಮಾತು. ನಮ್ಮ ಮನೆತನದ ಚರಿತ್ರೆಯನ್ನು ನೀನು ಚೆನ್ನಾಗಿ ಬರೆದಿದ್ದೀ. ಮೋಜಣಿ ಕಚೇರಿಯಲ್ಲಿ ಇಪ್ಪತ್ತು ವರ್ಷ ನಕ್ಷೆ ಬರೆದವಳ ಕೈ ಎಂದು ನೋಡಿದವರಿಗೆ ಗೊತ್ತಾಗುತ್ತದೆ. ಒಂದೊಂದು ಹುಟ್ಟು, ಮದುವೆ, ಸಾವಿನ ಕೆಳಗೂ 'ಸ್ಥಳ' ಎಂದು ಒಂದು ಸಾಲು, 'ಆಧಾರ' ಎಂದು ಇನ್ನೊಂದು ಸಾಲು. ಸ್ಥಳವೆಂದರೆ ಮೊದಲು ಮನೆ, ಆಮೇಲೆ ಬೀದಿ, ಆಮೇಲೆ ಊರು, ಜಿಲ್ಲೆ. ಎಲ್ಲ ಪುಟದಲ್ಲೂ ಅದೇ ಕ್ರಮ. ಊರಿನ ಹೆಸರು ಬದಲಾಗಿದ್ದರೆ ಆ ದಿನ ಇದ್ದ ಹೆಸರು ಮೊದಲು, ಈಗಿನದು ಕಂಸದೊಳಗೆ. ಆಧಾರವೆಂದರೆ ಹೇಳಿದವರು ಯಾರು, ಯಾವಾಗ ಹೇಳಿದರು, ಕಾಗದವಾದರೆ ಅದು ಯಾರ ಬಳಿ ಇದೆ. ಇದನ್ನೆಲ್ಲ ಮೊದಲ ಪುಟದಲ್ಲೇ ವಿವರಿಸಿದ್ದೀ. ಸರಿ. ಈ ಶಿಸ್ತು ಅಮ್ಮನಿಂದ ಬಂದದ್ದು ಎಂದು ಎಲ್ಲೂ ಬರೆದಿಲ್ಲ. ಅದೂ ಸರಿ.

ಆದರೆ ಆಧಾರಗಳನ್ನು ನಾನು ಎಣಿಸಿದೆ. ಪೆನ್ಸಿಲ್ ಹಿಡಿದು, ಅಂಚಿನಲ್ಲಿ ಗೀಟು ಹಾಕುತ್ತಾ ಎಣಿಸಿದೆ. 'ಚಿಕ್ಕಮ್ಮ' ನಲವತ್ತೊಂದು ಸಲ. 'ಅಮ್ಮ' ಒಂಬತ್ತು ಸಲ. ಆ ಒಂಬತ್ತರಲ್ಲೂ ಮೂರರ ಪಕ್ಕದಲ್ಲಿ 'ಖಚಿತವಿಲ್ಲ'.

ಮಗಳೇ, ಈ ಮನೆತನಕ್ಕೆ ಹಿರಿಯ ಸೊಸೆಯಾಗಿ ಬಂದವಳು ನಾನು. ಅವಳು ನನ್ನ ಓರಗಿತ್ತಿಯಾಗಿ ಬಂದದ್ದು ಐದು ವರ್ಷ ತಡವಾಗಿ. ನಾನು ಹೈಸ್ಕೂಲು ಮುಗಿಸಿದವಳು, ಕೈಬರಹಕ್ಕೆ ಬಹುಮಾನ ಪಡೆದವಳು. ಅವಳದು ನಾಲ್ಕನೇ ತರಗತಿ. ಇವತ್ತಿಗೂ ಬರೆಯಲು ಕೂತರೆ ನಾಲಿಗೆಯ ತುದಿ ಹೊರಗೆ ಬರುತ್ತದೆ. ಯಾರು ಹುಟ್ಟಿದರು, ಯಾರು ಹೋದರು ಎಂದು ಇಷ್ಟು ವರ್ಷ ಬರೆದಿಟ್ಟ ಕಂದು ರಟ್ಟಿನ ಪುಸ್ತಕ ನನ್ನದು. ಅವಳ ಹತ್ತಿರ ಇರುವುದು ಒಂದು ಬಿಸ್ಕತ್ತಿನ ಡಬ್ಬಿ.

ಗೊತ್ತು, ನೀನು ಏನು ಹೇಳುತ್ತೀ ಎಂದು ಗೊತ್ತು. ನನ್ನ ಪುಸ್ತಕದಲ್ಲಿ ಎಲ್ಲರ ಸ್ಥಳವೂ 'ಮನೆ'. ನೀನು ಫೋನಿನಲ್ಲಿ ನಕ್ಕದ್ದು ಇನ್ನೂ ಕಿವಿಯಲ್ಲಿದೆ: "ಅಮ್ಮಾ, ನಿನ್ನ ಪುಸ್ತಕದ ಪ್ರಕಾರ ಹನ್ನೊಂದು ಜನ ಒಂದೇ ಮನೇಲಿ ಹುಟ್ಟಿ, ಏಳು ಜನ ಅಲ್ಲೇ ಸತ್ತಿದಾರೆ. ಅದರಲ್ಲಿ ಅರ್ಧ ಜನ ಹೋಗೋ ಹೊತ್ತಿಗೆ ಆ ಮನೆಗೆ ಪಾಯಾನೇ ತೋಡಿರಲಿಲ್ಲ." ನಾವು ನಾಲ್ಕು ಮನೆ ಬದಲಾಯಿಸಿದ್ದು ನನಗೆ ನೆನಪಿಲ್ಲವೆ? ನಿನ್ನ ಅಪ್ಪ ರೈಲಿನ ಗಾರ್ಡು. ತಿಂಗಳಲ್ಲಿ ಇಪ್ಪತ್ತು ದಿನ ಅವರಿದ್ದದ್ದು ಹಳಿಯ ಮೇಲೆ. ಪಾತ್ರೆ ಕಟ್ಟಿ, ಗಾಡಿಗೆ ಹೇರಿ, ಇಳಿಸಿ, ಹೊಸ ಜಾಗದಲ್ಲಿ ಒಲೆ ಹೊತ್ತಿಸಿದವಳು ನಾನು. ನಾನು ಎಲ್ಲಿ ಒಲೆ ಹೊತ್ತಿಸಿದೆನೋ ಅದು ಮನೆ. ಆಧಾರ ಬೇಕೆಂದು ಇದುವರೆಗೆ ಯಾರೂ ಕೇಳಿರಲಿಲ್ಲ. ನಾನು ಹೇಳಿದೆ ಎಂಬುದೇ ಸಾಕಾಗಿತ್ತು. ಪುಸ್ತಕದ ಮೊದಲ ಆರು ಹಾಳೆ ಏಕಿಲ್ಲ ಎಂದೂ ಕೇಳಿದ್ದೀ. ಇಲಿ ತಿಂದಿರಬೇಕು.

ಅವಳೋ, ಬೈಂಡರ್ ಹೆಂಡತಿ. ನಿನ್ನ ಚಿಕ್ಕಪ್ಪನ ಅಂಗಡಿಯಲ್ಲಿ ಚೂರು ಕಾಗದವನ್ನೂ ಎಸೆಯುವುದಿಲ್ಲ, ರಟ್ಟಿನ ಒಳಪದರಕ್ಕೆ ಅಂಟಿಸುತ್ತಾರೆ. ಅದೇ ಅಭ್ಯಾಸಕ್ಕೆ ಇವಳು ಮನೆಗೆ ಬಂದ ಲಕೋಟೆಗಳನ್ನೆಲ್ಲ ಡಬ್ಬಿಗೆ ತುಂಬಿದಳು. ಅದರಲ್ಲಿ ಜಾಣತನ ಏನಿದೆ? ಆದರೂ ನೋಡು: 'ಆಧಾರ: ಚಿಕ್ಕಮ್ಮನ ಡಬ್ಬಿ, ಲಕೋಟೆ ೧೪, ಅಂಚೆ ಮುದ್ರೆ ಸ್ಪಷ್ಟ.' ಲಕೋಟೆಗೆ ಸಿಕ್ಕ ಮರ್ಯಾದೆ ನನ್ನ ಬಾಯಿಮಾತಿಗೆ ಸಿಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಅಮ್ಮನಿಗೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತೀಯೇನೋ. ಅಂದುಕೋ.

ತಿದ್ದಬೇಕಾದದ್ದನ್ನು ತಿದ್ದಿದ್ದೇನೆ. ನಾಲ್ಕನೇ ಪುಟದಲ್ಲಿ ನಿನ್ನ ತಾತ ಒಂದೇ ವರ್ಷದಲ್ಲಿ ಮೂರು ಬೀದಿ ಬದಲಾಯಿಸಿದಂತೆ ಬರೆದಿದ್ದೀ. ಅದು ಅವರು ಕಾಲು ಮುರಿದುಕೊಂಡು ಮಲಗಿದ್ದ ವರ್ಷ, ಮಂಚವನ್ನೇ ಬದಲಾಯಿಸಿರಲಿಲ್ಲ. ನಾವು ಮರದ ಡಿಪೋ ಬೀದಿ ಎನ್ನುತ್ತಿದ್ದೆವು, ನಿನ್ನ ಚಿಕ್ಕಪ್ಪ ಹಳೇ ಗಿರಣಿ ರಸ್ತೆ ಎನ್ನುತ್ತಿದ್ದರು, ಪುರಸಭೆಯ ಹಲಗೆ ಮೂರನೇ ಅಡ್ಡರಸ್ತೆ ಎನ್ನುತ್ತಿತ್ತು. ಮೂರೂ ಒಂದೇ ಬೀದಿ. ಒಂದು ಹೆಸರು ಆರಿಸಿಕೊಂಡು ಎಲ್ಲ ಕಡೆ ಅದನ್ನೇ ಹಾಕು. ಇದು ಡಬ್ಬಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆಧಾರ ಎಂಬಲ್ಲಿ ನನ್ನನ್ನು ಬರೆ. ಪಕ್ಕದಲ್ಲಿ 'ಖಚಿತ' ಎಂದೂ ಬರೆ.

ಹನ್ನೊಂದನೇ ಪುಟವನ್ನು ಮಾತ್ರ ವಾಪಸು ಕಳಿಸುವ ಕಟ್ಟಿಗೆ ಸೇರಿಸಿಲ್ಲ. ಅದು ನಿನ್ನ ಪುಟ. ಹುಟ್ಟಿದ್ದು ಹೆರಿಗೆ ಆಸ್ಪತ್ರೆ, ಆಧಾರ ಜನನ ಪತ್ರ, ಅಲ್ಲಿಗೆ ಸರಿಯಾಗಿದೆ. ಅದರ ಕೆಳಗೆ 'ಮೊದಲ ಎರಡು ವರ್ಷ, ಸ್ಥಳ' ಎಂದು ಬರೆದು, ನನ್ನ ಪುಸ್ತಕದ 'ಮನೆ'ಯನ್ನು ಹೊಡೆದುಹಾಕಿ, ಪ್ರಶ್ನೆಯ ಚಿಹ್ನೆ ಇಟ್ಟಿದ್ದೀ. ಅಂಚಿನಲ್ಲಿ ನಿನ್ನ ಸಣ್ಣ ಅಕ್ಷರ: 'ಅಮ್ಮ, ಲಕೋಟೆ ೨೩ ನೋಡಿದೆ. ಆ ವರ್ಷ ಅಪ್ಪ ಚಿಕ್ಕಮ್ಮನ ವಿಳಾಸಕ್ಕೆ ಬರೆದದ್ದು. ಒಳಗೆ ಕಾಗದವಿಲ್ಲ. ಹಿಂಬದಿಯಲ್ಲಿ ಚಿಕ್ಕಮ್ಮನ ಕೈಯಲ್ಲಿ ಒಂದು ಮಗುವಿನ ತೂಕ, ತಿಂಗಳು ತಿಂಗಳಿಗೆ. ಅವರಿಗೆ ಮಕ್ಕಳೇ ಇರಲಿಲ್ಲ. ಯಾರ ತೂಕ? ಕೇಳಿದರೆ ನಿನ್ನನ್ನು ಕೇಳು ಅಂದರು. ಆಗ ನಾನು ಎಲ್ಲಿದ್ದೆ?'

ಈ ತಿಂಗಳ ಕೊನೆಗೆ ಪುಟಗಳನ್ನು ಚಿಕ್ಕಪ್ಪನಿಗೆ ಬೈಂಡಿಗೆ ಕೊಡಬೇಕು ಎಂದಿದ್ದೀ. ಕೊಡುವೆಯಂತೆ. ಉತ್ತರ ಬರೆಯುವ ಮೊದಲು ಅವಳು ನಿನಗೆ ಏನೇನು ಊದಿದ್ದಾಳೆ ಎಂದು ನಾನು ತಿಳಿಯಬೇಕು. ಬುಧವಾರ ಅವಳ ಮನೆಗೆ ಹೋಗುತ್ತೇನೆ. ಅಲ್ಲಿಯವರೆಗೆ ಈ ಕಾಗದ ಮುಚ್ಚುವುದಿಲ್ಲ.

ಬುಧವಾರ, ಸಂಜೆ

ಹೋಗಿ ಬಂದೆ.

ಹದಿನಾಲ್ಕು ಮೆಟ್ಟಿಲು, ಎಲ್ಲ ಮರದ್ದು. ಏಳನೆಯದು ಇವತ್ತಿಗೂ ಕಿರುಗುಟ್ಟುತ್ತದೆ. ಕೆಳಗೆ ಅಂಗಡಿಯಲ್ಲಿ ನಿನ್ನ ಚಿಕ್ಕಪ್ಪ ಅಂಟು ಕಲಸುತ್ತಿದ್ದರು. ನನ್ನನ್ನು ನೋಡಿದವರೇ ಮಹಡಿಯ ಕಡೆ ಕೂಗಿದರು: "ಏಯ್, ಅತ್ತಿಗೆ ಬಂದ್ರು. ಹೊಲಿಗೆ ಬಿಗಿಯಾಗಿ ಹಿಡ್ಕೋ, ಇವತ್ತು ಬಿಚ್ಕೊಳ್ಳತ್ತೆ."

ಅವಳು ಬಾಗಿಲಲ್ಲಿ ನಿಂತಿದ್ದಳು. "ಬನ್ನಿ ಅಕ್ಕ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ."

"ಹಾಗಾದ್ರೆ ನಿಂತ್ಕೊಂಡೇ ಟೀ ಕುಡೀರಿ. ಇಟ್ಟಾಗಿದೆ."

ಕೂತೇ ಕುಡಿದೆ, ಮಂಡಿ ಕೇಳಲಿಲ್ಲ. ಅವಳ ಟೀ ನನ್ನದಕ್ಕಿಂತ ಚೆನ್ನಾಗಿರುತ್ತದೆ ಎಂದು ನಿನ್ನ ಅಪ್ಪ ಒಂದು ಸಲ ಹೇಳಿದ್ದರು. ಒಂದೇ ಸಲ. ಎದುರಿನ ಗೋಡೆಯಲ್ಲಿ ನೀನು ಪದವಿ ಪಡೆದ ದಿನದ ಫೋಟೋ ಇತ್ತು, ನನ್ನ ಮನೆಯಲ್ಲಿರುವುದಕ್ಕಿಂತ ದೊಡ್ಡದು. ಅದನ್ನು ಅವಳಿಗೆ ಕೊಟ್ಟವರು ಯಾರು ಎಂದು ನಾನು ಕೇಳಲಿಲ್ಲ. ನೀನೂ ಹೇಳಬೇಡ.

"ನನ್ನ ಮಗಳ ಕೈಲಿ ನಲವತ್ತೊಂದು ಸಲ ಹೆಸರು ಬರೆಸ್ಕೊಂಡಿದೀಯ. ಸಾಕಾಯ್ತಾ, ಇನ್ನೂ ಬೇಕಾ?" ಎಂದೆ.

"ಎಣಿಸಿದ್ರಾ?" ನಕ್ಕಳು. "ನಾನು ಎಣಿಸಿಲ್ಲ ಅಕ್ಕ. ಡಬ್ಬಿ ಕೇಳಿದ್ಲು, ಕೊಟ್ಟೆ. ಅದರಲ್ಲಿ ನಂದೇನಿದೆ? ಎಲ್ಲ ಬೇರೆಯೋರು ಬರೆದಿದ್ದು."

"ಲಕೋಟೆ ಇಪ್ಪತ್ತಮೂರು?"

ಅವಳ ನಗು ನಿಂತಿತು. ಲೋಟ ಕೆಳಗಿಟ್ಟಳು. "ಅದು ಹೇಗೋ ಮಿಕ್ಕಿದ್ದರ ಜೊತೆ ಹೋಗ್ಬಿಡ್ತು. ಒಳಗಿನ ಕಾಗದ ಮೊದಲೇ ತೆಗೆದಿಟ್ಟಿದ್ದೆ. ಹಿಂದ್ಗಡೆ ತೂಕ ಬರೆದಿದ್ದು ಮರೆತೇ ಹೋಗಿತ್ತು."

"ಅವಳಿಗೆ ಏನು ಹೇಳ್ದೆ?"

"ಅಮ್ಮನ್ನ ಕೇಳು ಅಂದೆ."

"ಅಷ್ಟೇನಾ?"

"ಅಷ್ಟೇ. ನಲವತ್ತೆರಡು ವರ್ಷ ಬಾಯಿ ಬಿಡದೋಳು ಈಗ ಬಿಡ್ತೀನಾ ಅಕ್ಕ? ಅದು ನೀವು ಹೇಳೋ ಮಾತು. ಹೇಳಲ್ಲ ಅಂದ್ರೆ ಆ ಜಾಗ ಖಾಲಿ ಇರ್ಲಿ. ಇವರು ಹಾಗೇ ಬೈಂಡ್ ಮಾಡ್ತಾರೆ, ಖಾಲಿ ಹಾಳೆಗೇನು ಹೊಲಿಗೆ ಕೂರಲ್ವಾ?"

ಜಗಳಕ್ಕೆ ಬೇಕಾದ ಮಾತನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಅವಳು ನನ್ನ ಮೇಲೆ ಚಾಡಿ ಹೇಳಿದ್ದಿದ್ದರೆ ಎಷ್ಟು ಸುಖವಾಗಿರುತ್ತಿತ್ತು ನನಗೆ. ಒಳ್ಳೆಯತನದಲ್ಲೂ ನನಗಿಂತ ಒಂದು ಮೆಟ್ಟಿಲು ಮೇಲೆಯೇ ನಿಂತಿರುತ್ತಾಳೆ, ಅದೂ ನಿಂತಿದ್ದೇನೆಂದು ತೋರಿಸಿಕೊಳ್ಳದೆ. ಅದನ್ನು ಸಹಿಸುವುದು ಹೇಗೆ ಎಂದು ನನಗೆ ಯಾವ ಶಾಲೆಯಲ್ಲೂ ಕಲಿಸಲಿಲ್ಲ.

ಹೊರಡುವಾಗ ಬಟ್ಟೆಗಳ ಅಡಿಯಿಂದ ಆ ಕಾಗದ ತೆಗೆದು ನನ್ನ ಕೈಗಿಟ್ಟಳು. "ಭಾವನ ಅಕ್ಷರ. ನಿಮ್ಮ ಹತ್ರಾನೇ ಇರ್ಲಿ" ಎಂದಳು. ನಿನ್ನ ಅಪ್ಪ ನನಗೆ ಬರೆದ ಕಾಗದ ಒಂದೂ ಉಳಿದಿಲ್ಲ. ಅವಳಿಗೆ ಬರೆದದ್ದು ಉಳಿದಿದೆ.

ಇಷ್ಟು ಸಾಕು. ಮಕ್ಕಳಿಬ್ಬರ ತಲೆಯ ಮೇಲೂ ನನ್ನ ಕೈ ಇದೆ ಎಂದುಕೊಂಡು ಒಂದೊಂದು ಸಲ ನೇವರಿಸು. ಅಳಿಯಂದಿರು ಬೆನ್ನುನೋವಿಗೆ ಮೆತ್ತನೆಯ ಹಾಸಿಗೆ ಬಿಡಲಿ. ನೀನು ಹಿಡಿದ ಕೆಲಸ ಅರ್ಧಕ್ಕೆ ನಿಲ್ಲದಿರಲಿ, ನಿನ್ನ ಕಣ್ಣು ಕೈ ಗಟ್ಟಿಯಾಗಿರಲಿ. ನೂರು ವರ್ಷ ಬಾಳು.

ನಿನ್ನ ಹಿತವನ್ನೇ ಬಯಸುವ,
ಅಮ್ಮ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಹನ್ನೊಂದನೇ ಪುಟವನ್ನೂ ಅಪ್ಪನ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ. ಪುಟದಲ್ಲಿ ಜಾಗ ಸಾಲದ್ದನ್ನು ಇಲ್ಲಿ ಬರೆಯುತ್ತೇನೆ.

ಸ್ಥಳ: ಬೈಂಡಿಂಗ್ ಅಂಗಡಿಯ ಮೇಲಿನ ಕೋಣೆ. ಬೀದಿ, ಊರು ನಿನಗೆ ಗೊತ್ತು. ಊರಿನ ಹಳೆಯ ಹೆಸರನ್ನೇ ಮೊದಲು ಹಾಕು.

ನಿನಗೆ ಮೂರು ತಿಂಗಳಾಗಿದ್ದಾಗ ನನ್ನ ಕೆಮ್ಮಿನಲ್ಲಿ ರಕ್ತ ಕಂಡಿತು. ಗುಡ್ಡದ ಮೇಲಿನ ಕ್ಷಯದ ಆಸ್ಪತ್ರೆಯಲ್ಲಿ ಹದಿನೇಳು ತಿಂಗಳಿದ್ದೆ. ಮಗುವನ್ನು ಹತ್ತಿರ ಬಿಡುತ್ತಿರಲಿಲ್ಲ. ಅಪ್ಪ ರೈಲಿನಲ್ಲಿ. ನಿನ್ನನ್ನು ಎತ್ತಿಕೊಂಡವಳು ಅವಳು. ತೂಕ ನಿನ್ನದು.

ಗುಣವಾಗಿ ಬಂದ ದಿನ ಆ ಮೆಟ್ಟಿಲು ಹತ್ತಿದೆ. ಏಳನೆಯದು ಕಿರುಗುಟ್ಟಿತು. ಒಳಗಿನಿಂದ ನಿನ್ನ ದನಿ ಬಂತು: "ಅಮ್ಮಾ, ಯಾರೋ." ಅಮ್ಮ ಎಂದದ್ದು ಅವಳನ್ನು. ಯಾರೋ ಎಂದದ್ದು ನನ್ನನ್ನು. ಎತ್ತಿಕೊಂಡರೆ ನಿನ್ನ ಕೂದಲು ಅಂಟಿನ ವಾಸನೆ ಹೊಡೆಯುತ್ತಿತ್ತು.

ಮಗುವಿಗೆ ದಿನವೂ ಅದರ ತಾಯಿಯ ಫೋಟೋ ತೋರಿಸಿ, ಮರೆಯದಿರಲಿ ಎಂದು ಅಪ್ಪ ಆ ಕಾಗದದಲ್ಲಿ ಬರೆದಿದ್ದಾರೆ. ಅದನ್ನು ಓದಿದ್ದು ಇವತ್ತು. ಆದರೆ ಫೋಟೋವನ್ನು ಅವತ್ತೇ ನೋಡಿದ್ದೆ, ಗೋಡೆಯಲ್ಲಿ, ನಿನ್ನ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿತ್ತು. ನೋಡಿಯೂ ಆ ಸಂಜೆಯೇ ನಿನ್ನನ್ನು ಎತ್ತಿಕೊಂಡು ಇಳಿದೆ. "ಭಾನುವಾರ ಒಂದ್ಸಲ ಕಳಿಸಿ ಅಕ್ಕ, ಸಾಕು" ಎಂದಳು. ನಾಲ್ಕು ವರ್ಷ ಕಳಿಸಲಿಲ್ಲ. ಅವಳನ್ನು ಚಿಕ್ಕಮ್ಮ ಎನ್ನಲು ನಿನಗೆ ಕಲಿಸಿದವಳು ನಾನು. ಹನ್ನೆರಡು ದಿನ ಹಿಡಿಯಿತು.

ಹದಿಮೂರನೆಯ ದಿನ ಪುಸ್ತಕ ತೆಗೆದು ನಿನ್ನ ಹೆಸರಿನ ಮುಂದೆ 'ಮನೆ' ಎಂದು ಬರೆದೆ. ಅದೊಂದೇ ಎದ್ದು ಕಾಣುತ್ತಿತ್ತು. ಮಿಕ್ಕವರಿಗೆಲ್ಲ ಬೀದಿ, ಊರು, ನೀನು ಈಗ ಬರೆಯುವಂತೆಯೇ ಕ್ರಮವಾಗಿ ಬರೆದಿದ್ದೆ. ಆ ಆರು ಹಾಳೆಯನ್ನು ಇಲಿ ತಿನ್ನಲಿಲ್ಲ. ನಾನೇ ಹರಿದು, ಎಲ್ಲರಿಗೂ 'ಮನೆ' ಎಂದೇ ಮತ್ತೆ ಬರೆದೆ.

ಆಧಾರ: ಅಮ್ಮ, ೧೨ ಮಾರ್ಚ್ ೨೦೦೮. ಮೆಟ್ಟಿಲ ಮೇಲೆ ನಿಂತು ಕಿವಿಯಾರೆ ಕೇಳಿದ್ದು. ಖಚಿತ.