ಮಾಶಾಕ ಅದಾನಲ್ಲ, ಹೋಗಿ ಬಾ

೬ ಜುಲೈ ೧೯೮೬, ಲಕ್ಷ್ಮೇಶ್ವರ

ಇವತ್ತೂ ಕೊಡ ಹೊತ್ತೆ, ಇವತ್ತೂ ಅರ್ಧ ನೀರು ಮೈಮೇಲೆ. ಓಣಿ ತುಂಬ ನಗು. ‘ಕುವೈತ್ ಹುಡುಗಿ’ ಅಂತೆ! ಹುಟ್ಟಿದ್ದು ಇದೇ ಅಜ್ಜಿಯ ಮನೆಯಲ್ಲಿ. ಎರಡು ವರ್ಷದವಳಿದ್ದಾಗ ಅಪ್ಪ ಕರೆದುಕೊಂಡು ಹೋದ, ಅದು ನನ್ನ ತಪ್ಪೇ?

ಅವ್ವ ತೀರಿಹೋಗಿ ಏಳು ತಿಂಗಳು. ಅಪ್ಪ ಡ್ಯೂಟಿ ಮುಗಿಸಿ ಬಂದು ಮಲಗುತ್ತಾನೆ, ಮಾತಿಲ್ಲ. ಕನ್ನಡ ಆಡಲು ಇದ್ದವಳು ಅವಳೊಬ್ಬಳೇ. ಅವಳು ಕಲಿಸಿದ ಅಕ್ಷರ ಮರೆತುಹೋದೀತೆಂದು ಇದನ್ನು ಬರೆಯುತ್ತಿದ್ದೇನೆ. ರಜೆಗೆ ಅಪ್ಪ ಇಲ್ಲಿಗೆ ಕಳಿಸಿದ — ‘ನಿಮ್ಮವ್ವನ ಮಂದಿ’ ಎಂದ. ಮಂದಿ ನನ್ನನ್ನು ನೋಡಿ ‘ಪಾಪ’ ಅನ್ನುತ್ತಾರೆ, ಅಷ್ಟೇ. ಅವ್ವನ ಸುದ್ದಿ ಯಾರೂ ಎತ್ತುವುದಿಲ್ಲ.

೯ ಜುಲೈ

ಪಕ್ಕದ ಮನೆ ಹಾಜಿರಾಬಿಯ ಮಗ ಮಾಶಾಕ. ನಮ್ಮಂತೆಯೇ ಪಿಂಜಾರರು, ಗಾದಿ ಮಾಡುವವರು. ಮಳೆ ಬಿಡುವು ಕೊಟ್ಟರೆ ಮಾರುದ್ದದ ಬಿಲ್ಲಿನಿಂದ ಹತ್ತಿ ಹಿಂಜುತ್ತಾನೆ. ಕಟ್ಟೆಯ ಮೇಲೆ ಕೂತು ನೋಡುತ್ತೇನೆ. ಮೀಸೆಯ ಮೇಲೆಲ್ಲ ಹತ್ತಿ... ಹತ್ತಿ ಕೂತಿದ್ದಕ್ಕೆ ಮೀಸೆ ಇದೆಯೆಂದು ಗೊತ್ತಾಯಿತು, ಇಲ್ಲದಿದ್ದರೆ ಎಲ್ಲಿಯ ಮೀಸೆ!

“ಏನ್ ನೋಡ್ತಿ? ನಿಮ್ಮಜ್ಜನೂ ಇದನ್ನಽ ಮಾಡ್ತಿದ್ದ. ಹಿಡಿ.”

ಬಿಲ್ಲು ಹಿಡಿದೆ. ಅದರ ನರದ ಹೆದೆ ನನ್ನ ಬೆರಳಿಗೇ ಬಡಿಯಿತು.

“ಪಿಂಜಾರರ ಹುಡುಗಿಗೆ ಬಿಲ್ಲ ಹಿಡ್ಯಾಕ ಬರೂದಿಲ್ಲಾ! ಊರಾಗ ಹೇಳಬ್ಯಾಡ, ಮಾನ ಹೋಗ್ತೈತಿ.”

ನಕ್ಕೆ. ಅವ್ವ ಹೋದಮೇಲೆ ಹೀಗೆ ನಕ್ಕಿರಲಿಲ್ಲ.

೧೪ ಜುಲೈ, ಸಂಜೆ

ಬೆಳ್ಳಟ್ಟಿಯ ಗಿರಾಕಿಗೆ ಗಾದಿ ಮುಟ್ಟಿಸಲು ಹೊರಟಿದ್ದ. ನಾನೂ ಬರಲಾ ಎಂದೆ, ಸುಮ್ಮನೆ. ಅಜ್ಜಿ ರೊಟ್ಟಿ ಬಡಿಯುತ್ತಲೇ, “ಮಾಶಾಕ ಅದಾನಲ್ಲ, ಹೋಗಿ ಬಾ” ಎಂದಳು. ಇಬ್ಬರೇ! ಬಸ್ಸಿನಲ್ಲಿ! ಕುವೈತಿನಲ್ಲಿ ಬಾಲ್ಕನಿಗೆ ಬಂದರೂ ಅಪ್ಪ ಕೆಮ್ಮುತ್ತಾನೆ. ಎಂಥ ಒಳ್ಳೆಯ ಜನ ಇವರು.

ಬರುವಾಗ ಮಳೆ, ಬಸ್ಸಿಲ್ಲ. ಚಹದಂಗಡಿಯ ತಗಡಿನ ಕೆಳಗೆ ನಿಂತೆವು.

“ನೀ ಹೋದ ಮ್ಯಾಲೆ ಭಾಳ ಬ್ಯಾಸರಾಕ್ಕೈತಿ,” ಎಂದ.

“ಹೋಗಲಿಲ್ಲಂದ್ರ? ನಿನ್ನ ಕೂಡ ಇಲ್ಲೇ ಗಾದಿ ಹೊಲಕೋತ ಇದ್ರ?”

ಅಂದೇಬಿಟ್ಟೆ! ನನ್ನ ಕೂದಲಿಗೆ ಹತ್ತಿ ಅಂಟಿತ್ತು, ತೆಗೆಯಲು ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ. ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತ. ನಾಚಿಕೆ ಇರಬೇಕು. ನನಗೆ ಅವನು ಬೇಕು. ಬರೆದೆ, ಆಯಿತು.

೧೬ ಜುಲೈ

ಬಿಲ್ಲಿನ ಸದ್ದಿಲ್ಲ.

೨೧ ಜುಲೈ

ಮುಂಡರಗಿಗೆ ಹೋದನಂತೆ, ಕಾಕಾನ ಅಂಗಡಿಗೆ. ನನಗೊಂದು ಮಾತು ಹೇಳದೆ. ಹೋಗಲಿ, ನನಗೇನು! ಆದರೂ ದಿನಾ ಅವರ ಮನೆಗೆ ಹೋಗಿ ಬರುತ್ತೇನೆ, ಬೆಂಕಿಪೆಟ್ಟಿಗೆ ಕೇಳುವ ನೆವ. ನಮ್ಮಲ್ಲೀಗ ಬೆಂಕಿಪೆಟ್ಟಿಗೆಯದೇ ರಾಶಿ.

೨೭ ಜುಲೈ

ಹಾಜಿರಾಬಿ ನನ್ನ ತಲೆ ಬಾಚುತ್ತಿದ್ದಳು. ಅವ್ವನ ಸುದ್ದಿ ಹೇಳು ಎಂದೆ. ಕೊನೆಗೂ ಒಬ್ಬಳು ಹೇಳಿದಳು.

“ನಿನ್ನ ಹಡದ ಮ್ಯಾಲೆ ನಿಮ್ಮವ್ವಗ ಜ್ವರ ಬಂದು ಎದಿಹಾಲು ಬತ್ತಿಹೋದ್ವು. ನನ್ನ ಮಾಶಾಕ ಆವಾಗ ಎರಡು ತಿಂಗಳ ಕೂಸು. ಈ ಕಡೆ ಅವ, ಆ ಕಡೆ ನೀ. ಆರು ತಿಂಗಳು ನಾನಽ ಕುಡಿಸೇನಿ, ಯವ್ವಾ. ಭಾಳ ಹಟಮಾರಿ, ಅವನ ಪಾಲೂ ನೀನಽ ಕುಡೀತಿದ್ದಿ!”

ನಗುತ್ತಿದ್ದಳು.

“ಒಂದಽ ಹಾಲು ಕುಡದ ಅಣ್ಣ-ತಂಗಿ ನೀವು. ಅದಕ್ಕಽ ಅವನ ಕೂಡ ಎಲ್ಲಿ ಹೋದ್ರೂ ಯಾರೂ ಏನೂ ಅನ್ನೂದಿಲ್ಲ.”

ಜಡೆ ಅವಳ ಕೈಯಲ್ಲಿತ್ತು, ಎದ್ದು ಓಡಲೂ ಆಗಲಿಲ್ಲ. ಶಾಲೆಯ ಧರ್ಮದ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ — ಒಬ್ಬಳದೇ ಎದೆಹಾಲು ಕುಡಿದವರ ನಡುವೆ ನಿಕಾಹ್ ಇಲ್ಲ. ಎಂದೆಂದಿಗೂ ಇಲ್ಲ. ಪೂರ್ತಿ ಮಾರ್ಕು ಬಂದಿತ್ತು.

ನನ್ನವರು ಯಾರಾದರೂ ಸಿಗಲಿ ಎಂದು ಬಂದೆ. ಸಿಕ್ಕರು. ಯಾ ಅಲ್ಲಾ, ಇಷ್ಟು ಹತ್ತಿರದವರು ಬೇಕಿರಲಿಲ್ಲ.

೪ ಆಗಸ್ಟ್

ಬಂದ. ಕಟ್ಟೆಯ ಆ ತುದಿಯಲ್ಲಿ ಕೂತ.

“ನಿನಗ ಗೊತ್ತಿತ್ತಾ?”

“ಸಣ್ಣಾಂವ ಇದ್ದಾಗಿಂದ. ನಿನಗೂ ಗೊತ್ತೈತಿ ಅಂತ ತಿಳಿದಿದ್ದೆ. ಬೆಳ್ಳಟ್ಟ್ಯಾಗ ತಿಳೀತು, ಇಲ್ಲ ಅಂತ.”

“ಅದಕ್ಕಽ ಓಡಿಹೋದಿ? ನನ್ನ ಹುಚ್ಚಾಟಕ್ಕ ಹೆದರಿ?”

ಅಂಗಿಗೆ ಅಂಟಿದ ಹತ್ತಿ ಕಿತ್ತ.

“ನಿನಗ ಹೆದರಿ ಅಲ್ಲ. ನಿನಗ ಗೊತ್ತಿದ್ದಿಲ್ಲ. ನನಗ ಗೊತ್ತಿದ್ದೂ...”

ಎದ್ದು ಹೋದ. ಅತ್ತುಬಿಟ್ಟೆ. ಖುಷಿಗೋ ದುಃಖಕ್ಕೋ, ಎರಡಕ್ಕೂ. ಯಾರಿಗೆ ಹೇಳಲಿ?

೯ ಆಗಸ್ಟ್, ಗದಗ ಸ್ಟೇಷನ್

ರಜೆ ಮುಗಿಯಿತು. ನನ್ನನ್ನು ಕಳಿಸಲು ಬಂದ ಅವ್ವನ ತಮ್ಮ ಫಕ್ರು ಮಾವ ಟಿಕೆಟ್ ತರಲು ಹೋಗಿದ್ದಾನೆ.

ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿಗೆ ಓಣಿಗೆ ಓಣಿಯೇ ಬಂದಿತ್ತು. ಅಜ್ಜಿ ಅತ್ತಳು. ಹಾಜಿರಾಬಿ ರೊಟ್ಟಿಗಂಟು ಕೊಟ್ಟಳು. “ಮಾಶಾಕ, ಮೆಟ್ಲ ಎತ್ತರ ಅದಾವು. ತಂಗಿ ಕೈ ಹಿಡದು ಹತ್ತಸೋ.”

ಹಿಡಿದ. ಹಗಲಲ್ಲಿ, ಅಷ್ಟು ಜನರ ಮುಂದೆ. ಬಿಲ್ಲು ಹಿಡಿದು ಒರಟಾದ ಕೈ. ಯಾರೂ ಹುಬ್ಬೇರಿಸಲಿಲ್ಲ. ಅಣ್ಣ ತಂಗಿಯ ಕೈ ಹಿಡಿದರೆ ಯಾರೇಕೆ ನೋಡುತ್ತಾರೆ?

“ಹುಷಾರ, ತಂಗಿ.” ಮೊದಲ ಸಲ ಹಾಗೆ ಕರೆದ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನೂ ಹಾಗೇ ತಿರುಗಿ ಕರೆಯಬೇಕಿತ್ತು, ಅವನ ಹೆಸರಿನ ಮುಂದೆ ಒಂದೇ ಮಾತು ಸೇರಿಸಿ. ಬಾಯಿ ತೆರೆದೆ. ಬಸ್ಸು ಹೊರಟಿತು.

ಪಾಪ, ಅವನು ಅಂದನಲ್ಲ. ನನಗಿಂತ ಧೈರ್ಯಸ್ಥ. ಇಲ್ಲಿ ಯಾರೂ ಕೇಳುವವರಿಲ್ಲ. ಆ ಮಾತನ್ನು ಬರೆದಾದರೂ ನೋಡುತ್ತೇನೆ. ಮಾಶಾಕ